ಗರಜು ಟವಲಿನ ಕೆಳಗಿರಲಿ

ಮುಡುಕುತೊರೆ, ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ಬಾಯಿಮಾತಿನಲ್ಲಿ ಕುದುರುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಚಾಚುತ್ತಾರೆ, ಮೇಲೊಂದು ಟವಲು ಬೀಳುತ್ತದೆ, ಅದರ ಕೆಳಗೆ ಬೆರಳು ಬೆರಳನ್ನು ಹಿಡಿದು ಬೆಲೆ ಹೇಳುತ್ತದೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ, ಎರಡು ಬಿಗಿದ ಮುಖ, ಅಷ್ಟೇ. ಆ ಎತ್ತು ಕದ್ದ ಮಾಲಲ್ಲ, ಆ ದುಡ್ಡು ಕಳ್ಳ ದುಡ್ಡೂ ಅಲ್ಲ. ಆದರೂ ಟವಲು ಬೇಕು. ಈ ಬೆಲೆ ಮೂರನೆಯವನಿಗೆ ತಿಳಿದರೆ ಮುಂದಿನ ಜೋಡಿಯ ಬೆಲೆ ಕೆಡುತ್ತದೆ. ‘ಮಗಳ ಮದುವೆ ಹತ್ತಿರ ಬಂತು’ ಎಂದು ಮಾರುವವನು ಬಾಯಿಬಿಟ್ಟರಂತೂ ಅಲ್ಲೇ ಅವನ ಎತ್ತಿಗೆ ಒಂದು ಬೆರಳು ಕಡಿಮೆ.

ಗರಜು ಇದ್ದವನು ಗರಜು ತೋರಿಸಿಕೊಳ್ಳಬಾರದು. ನೀಲಗಿರಿಯ ನಮ್ಮ ಊರು ಕೂಕಲ್ತೊರೈಯಿಂದ ಬೆಂಗಳೂರಿಗೋ ಕೊಯಮತ್ತೂರಿಗೋ ಕೆಲಸಕ್ಕೆ ಹೋಗಿರುವ, ನಾಳೆ ಹೋಗಲಿರುವ ಮಕ್ಕಳಿಗೆ ಫೋನಿನ ವಿಚಾರದಲ್ಲಿ ನಾನು ಹೇಳಬೇಕಾದದ್ದೆಲ್ಲ ಈ ಮಾತಿನೊಳಗೇ ಇದೆ. ಉಳಿದದ್ದು ವಿವರಣೆ. ವಯಸ್ಸಾದವರಿಗೆ ವಿವರಿಸುವ ಚಪಲ ಜಾಸ್ತಿ, ಸಹಿಸಿಕೊಳ್ಳಿ.

ಫೋನನ್ನು ಬೈಯುವ ಮುದುಕರ ಗುಂಪಿಗೆ ನಾನು ಸೇರಿದವನಲ್ಲ. ನಮ್ಮ ಕ್ಯಾರೆಟ್ಟು, ಬೀಟ್‌ರೂಟು, ಉರುಳೆಗಡ್ಡೆ, ಬೆಳ್ಳುಳ್ಳಿ ಬೆಟ್ಟ ಇಳಿದು ಹೋಗುವುದು ಮೇಟ್ಟುಪಾಳಯಂ ಮಂಡಿಗೆ. ಎಷ್ಟು ಲಾರಿ ಬಂದಿದೆ, ಕೇರಳದ ಕಡೆಯಿಂದ ಕೇಳುವವರು ಎಷ್ಟಿದ್ದಾರೆ, ಬೀಜಕ್ಕೂ ಗೊಬ್ಬರಕ್ಕೂ ನಾವು ಎಷ್ಟು ಮುಂಗಡ ಎತ್ತಿದ್ದೇವೆ, ಇದೆಲ್ಲ ಮಂಡಿಯವರಿಗೆ ಗೊತ್ತಿರುತ್ತಿತ್ತು. ನಮಗೆ ಗೊತ್ತಿದ್ದದ್ದು ಚೀಲದ ಲೆಕ್ಕ ಮಾತ್ರ. ಮಾಲು ಹೋದ ಮೇಲೆ ಬೆಲೆ ತಿಳಿಯುತ್ತಿತ್ತು, ತಿಳಿದು ಮಾಡುವುದೇನು? ಇವತ್ತು ಗದ್ದೆಯಲ್ಲಿ ನಿಂತೇ ಹುಡುಗರು ವಾಟ್ಸಾಪಿನಲ್ಲಿ ನಾಲ್ಕು ಮಂಡಿಯ ದರ ನೋಡುತ್ತಾರೆ. ಬೆಲೆ ಬಿದ್ದಿದ್ದರೆ ಕ್ಯಾರೆಟ್ಟನ್ನು ಕೆಲವು ದಿನ ಮಣ್ಣಿನಲ್ಲೇ ಬಿಡುತ್ತಾರೆ. ಅದು ಕೀಳುವವರೆಗೂ ಕೆಡುವುದಿಲ್ಲ, ಕಿತ್ತ ಮೇಲೆ ಕಾಯುವುದಿಲ್ಲ. ಕಾಯುವ ಆ ನಾಲ್ಕು ದಿನದ ಬಲ ರೈತನಿಗೆ ಬಂದದ್ದು ಫೋನಿನಿಂದ. ಬೇಕಾದರೆ ಇದಕ್ಕಾಗಿ ಅದಕ್ಕೊಂದು ಕೈ ಮುಗಿಯುತ್ತೇನೆ.

ಆದರೆ ಹೆಚ್ಚು ಗೊತ್ತಿದ್ದವನೇ ಬೆಲೆ ಕಟ್ಟುತ್ತಾನೆ ಎಂಬ ಪಾಠವನ್ನು ಅದೇ ಮಂಡಿಯಲ್ಲಿ ಕಲಿತವರು ನಾವು. ಮಂಡಿಯ ಗುಟ್ಟನ್ನು ನಮಗೆ ತಂದುಕೊಟ್ಟ ಯಂತ್ರ ನಮ್ಮ ಗುಟ್ಟನ್ನು ಇನ್ನೆಲ್ಲೋ ಕೂತವನಿಗೆ ತಲುಪಿಸುತ್ತಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವ ಈ ವ್ಯಾಪಾರದಲ್ಲಿ ತೆಗೆದುಕೊಳ್ಳುವ ಕೈ ಕಣ್ಣಿಗೆ ಬೀಳುವುದಿಲ್ಲ.

‘ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ ತಾತ?’ ಎಂದು ನೀವು ಕೇಳುತ್ತೀರಿ. ಇನ್ನೂ ಜಾಣರು ಇನ್ನೊಂದು ಪ್ರಶ್ನೆ ಹಾಕುತ್ತಾರೆ: ನಮ್ಮ ಹಟ್ಟಿಯಲ್ಲಿ ಗುಟ್ಟು ಎಂಬುದು ಯಾವಾಗ ಇತ್ತು? ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು. ಯಾರ ಮನೆಯಲ್ಲಿ ಇವತ್ತು ಏನು ಸಾರು, ಯಾರ ಹುಡುಗ ಪರೀಕ್ಷೆಯಲ್ಲಿ ಬಿದ್ದ, ಯಾವ ಸೊಸೆ ತವರಿಗೆ ಹೋಗಿ ವಾರವಾಯಿತು, ಎಲ್ಲ ಎಲ್ಲರಿಗೂ ಗೊತ್ತು. ಹೀಗೆ ಬದುಕಿದವರು ಈಗ ಖಾಸಗಿತನದ ಪಾಠ ಹೇಳುವುದು ತಮಾಷೆಯಲ್ಲವೇ?

ಪ್ರಶ್ನೆ ಸರಿಯಾಗಿದೆ, ಅದಕ್ಕೇ ಸ್ವಲ್ಪ ನಿಂತು ಉತ್ತರಿಸುತ್ತೇನೆ. ನನ್ನ ಮನೆಯ ವಿಷಯ ಪಕ್ಕದ ಮನೆಯವನಿಗೆ ಗೊತ್ತು, ಅವನ ಮನೆಯದು ನನಗೆ ಗೊತ್ತು. ತಕ್ಕಡಿ ಸಮವಾಗಿದೆ. ನನ್ನ ಮಾತನ್ನು ಅವನು ಕೆಟ್ಟದ್ದಕ್ಕೆ ಬಳಸಿದರೆ ನಾಳೆ ಅದೇ ಬೀದಿಯಲ್ಲಿ, ಅದೇ ಸಾವಿನ ಮನೆಯಲ್ಲಿ, ನಮ್ಮ ಬಡಗರ ಅದೇ ಹೆತ್ತೆ ಹಬ್ಬದಲ್ಲಿ ನನ್ನ ಮುಖ ನೋಡಬೇಕು. ಊರಿನ ಹಿರಿಯರು ಕೂತು ಕೇಳುವ ಜಾಗವೂ ಒಂದಿದೆ. ಮೇಲಾಗಿ ಅವನು ಮರೆಯುತ್ತಾನೆ. ಮರೆವು ಊರಿನ ದೊಡ್ಡ ಗುಣ. ಹತ್ತು ವರ್ಷದ ಹಿಂದೆ ಸಾಲ ತೀರಿಸದವನು ಇವತ್ತು ಮರ್ಯಾದಸ್ಥನಾಗಿ ಓಡಾಡುವುದು ಆ ಮರೆವಿನಿಂದಲೇ. ಫೋನಿನ ಆಚೆ ಕೂತವನ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಅವನಿಗೆ ಬೀದಿಯಿಲ್ಲ, ಹಬ್ಬವಿಲ್ಲ, ನಾಚಿಕೆಯಿಲ್ಲ, ಮರೆವೂ ಇಲ್ಲ. ಟಾರ್ಚ್ ಹಚ್ಚುವ ಆ್ಯಪಿಗೆ ನಿಮ್ಮ ಅತ್ತೆ-ಮಾವಂದಿರ ಫೋನ್ ನಂಬರು ಯಾಕೆ ಬೇಕು ಎಂದು ಒಮ್ಮೆಯಾದರೂ ಕೇಳಿದ್ದೀರಾ? ‘ಅನುಮತಿಸಿ’ ಎಂಬ ಗುಂಡಿ ಒತ್ತುವ ನಿಮ್ಮ ವೇಗ ನೋಡಿದರೆ ಕೇಳಿರಲಾರಿರಿ.

ಖಾಸಗಿತನ ಹುಡುಗರ ಶೋಕಿ ಎಂದುಕೊಂಡಿದ್ದರೆ ಒಂದು ಹೆಸರು ನೆನಪಿಟ್ಟುಕೊಳ್ಳಿ, ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 1926ರಲ್ಲಿ ಹುಟ್ಟಿದ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. ಮೊಮ್ಮಕ್ಕಳನ್ನು ಆಡಿಸಿಕೊಂಡಿರಬಹುದಾದ ವಯಸ್ಸು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿದುಕೊಂಡಿತು, ಆದರೆ ಸಿಮ್ ಕೊಳ್ಳಲು, ಬ್ಯಾಂಕ್ ಖಾತೆ ತೆರೆಯಲು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ನೀವು ಯಾವುದೋ ಲಾಡ್ಜಿನ ಮೇಜಿನ ಮೇಲೆ ಆಧಾರ್ ನಕಲು ಬಿಸಾಡಿ ಬರುವ ಮುಂಚೆ ಆ ಮುದುಕರು ಪಟ್ಟ ಪಾಡು ನೆನೆಸಿಕೊಂಡರೆ ಸಾಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಪ್ರತಿಯನ್ನು ಸರ್ಕಾರವೇ ಕೊಡುತ್ತದೆ. ಪುಕ್ಕಟೆ. ಅದನ್ನು ಇಳಿಸಿಟ್ಟುಕೊಂಡವರು ನಮ್ಮ ಊರಿನಲ್ಲಿ ಎಷ್ಟು ಜನ?

ಕಾಯ್ದೆಯೂ ಬಂದಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಸೋರಿಹೋದ ನಿಮ್ಮ ನಂಬರು ಮರಳಿ ಬರುವುದಿಲ್ಲ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಚಾರಕ್ಕೆ ಬರುತ್ತೇನೆ. ಅದು ಸಾಲದ ಆ್ಯಪು. ಮುಂಚೆ ಸಾಲ ಬೇಕಾದರೆ ಒಬ್ಬರ ಜಗಲಿಗೆ ಹೋಗಿ ಕೂರಬೇಕಿತ್ತು, ಕಾಫಿ ಕುಡಿಯಬೇಕಿತ್ತು, ಮಳೆಯ ವಿಷಯ ಮಾತಾಡಿ ಕೊನೆಗೆ ಬಾಯಿ ತೆರೆಯಬೇಕಿತ್ತು. ನಾಚಿಕೆಯ ಕೆಲಸ, ಆ ನಾಚಿಕೆಯೇ ಅರ್ಧ ಸಾಲಗಳನ್ನು ತಪ್ಪಿಸುತ್ತಿತ್ತು. ಈಗ ಹಾಸಿಗೆಯಲ್ಲಿ ಮಲಗಿಕೊಂಡೇ ಐದು ನಿಮಿಷದಲ್ಲಿ ಐದು ಸಾವಿರ ಬರುತ್ತದೆ. ಬರುವ ಮುಂಚೆ ಅದು ನಿಮ್ಮ ಫೋನಿನೊಳಗಿನ ಹೆಸರುಗಳನ್ನೆಲ್ಲ ಎತ್ತಿಕೊಳ್ಳುತ್ತದೆ, ಫೋಟೊಗಳನ್ನು ನೋಡುತ್ತದೆ. ಏಳು ದಿನಕ್ಕೆ ಕೊಟ್ಟ ಹಣದಲ್ಲಿ ಮೊದಲೇ ಶುಲ್ಕ ಮುರಿದುಕೊಂಡಿರುತ್ತದೆ. ಎಂಟನೆಯ ದಿನ ನಿಮ್ಮ ಅತ್ತಿಗೆಗೆ ಫೋನು, ಒಂಬತ್ತನೆಯ ದಿನ ನಿಮ್ಮ ಮೇಷ್ಟರಿಗೆ, ಹತ್ತನೆಯ ದಿನ ನಿಮ್ಮ ಮುಖ ಅಂಟಿಸಿದ ಯಾವುದೋ ಹೊಲಸು ಚಿತ್ರ. ಇಂಥ ಕಾಟಕ್ಕೆ ಹೆದರಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಓದಿದ್ದೇವೆ.

ಇಲ್ಲಿ ನಡೆದದ್ದೇನು ನೋಡಿ. ಸಾಲಗಾರ ತನ್ನ ಗರಜನ್ನಷ್ಟೇ ತೋರಿಸಿಕೊಂಡದ್ದಲ್ಲ, ತನಗೆ ಯಾರ ಮುಂದೆ ಮಾನ ಮುಖ್ಯವೋ ಅವರೆಲ್ಲರ ಪಟ್ಟಿಯನ್ನೂ ಒಪ್ಪಿಸಿಬಿಟ್ಟ. ಚಿನ್ನ ಅಡವಿಟ್ಟರೆ ಚಿನ್ನ ಹೋಗುತ್ತದೆ, ಇಲ್ಲಿ ಅಡವಿಗೆ ಬಿದ್ದದ್ದು ನಂಟಸ್ತಿಕೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ: ಸಾಲದ ಆ್ಯಪು ಫೋನಿನ ಹೆಸರುಪಟ್ಟಿ, ಕರೆಗಳ ದಾಖಲೆ, ಫೋಟೊ-ಫೈಲುಗಳ ಕಡೆ ಕೈ ಹಾಕುವಂತಿಲ್ಲ. ಗುರುತು ಪರಿಶೀಲನೆಗೆಂದು ಕ್ಯಾಮೆರಾ, ಮೈಕು, ಸ್ಥಳದ ಅನುಮತಿಯನ್ನು ಒಂದು ಸಲ ಕೇಳಬಹುದು, ಅದೂ ನೀವು ಒಪ್ಪಿದರೆ. ಹಾಗಾಗಿ ನಿಮಗೊಂದು ಸುಲಭದ ಪರೀಕ್ಷೆ ಸಿಕ್ಕಿತು. ಸಾಲ ಕೊಡುವವನು ನಿಮ್ಮ ಹೆಸರುಪಟ್ಟಿ ಕೇಳಿದನೋ, ಅವನು ಕಾನೂನು ಮೀರಿದವನು, ಮುಂದೆ ಮಾತೇ ಬೇಡ. ದುಡ್ಡಿನ ಗರಜು ನಿಜವಾಗಿದ್ದರೆ ಮನೆಗೆ ಫೋನು ಮಾಡಿ. ನಾವು ಬೈಯುತ್ತೇವೆ, ಖಂಡಿತ ಬೈಯುತ್ತೇವೆ. ಬೈಗುಳಕ್ಕೆ ಬಡ್ಡಿಯಿಲ್ಲ.

ಆಟದ ಮಾತಿಗೆ ಬಂದರೆ ನಿಮ್ಮ ಅಪ್ಪಂದಿರಿಗೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಅವರಿಗೆ ಫೋನಿನಲ್ಲಿ ಆಡುವುದೆಲ್ಲ ಕೆಟ್ಟದ್ದು. ನನಗೆ ಹಾಗನ್ನಿಸುವುದಿಲ್ಲ. ಮಳೆ ಹಿಡಿದರೆ ಈ ಬೆಟ್ಟದಲ್ಲಿ ವಾರಗಟ್ಟಲೆ ಮೈದಾನ ಕಾಣಿಸುವುದಿಲ್ಲ, ಮಂಜಿನಲ್ಲಿ ಚೆಂಡು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ನಾಲ್ಕು ಹುಡುಗರು ಒಂದು ಕಡೆ ಕೂತು ಫೋನಿನಲ್ಲಿ ಗುಂಡು ಹಾರಿಸಿಕೊಂಡು ಕೂಗಾಡಿದರೆ ಆಕಾಶ ಬೀಳುವುದಿಲ್ಲ. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದರು, ಮರುವರ್ಷ ಬೇರೆ ಹೆಸರಿನಲ್ಲಿ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಅದು ಬಂದು ಹೋದದ್ದರಿಂದ ನಮ್ಮ ಹುಡುಗರು ಸುಧಾರಿಸಿದ್ದೂ ಕಾಣೆ, ಕೆಟ್ಟದ್ದೂ ಕಾಣೆ. ನಿದ್ದೆಗೆಟ್ಟದ್ದು ನಿಜ.

ನಾನು ಗೆರೆ ಎಳೆಯುವುದು ದುಡ್ಡು ಒಳಗೆ ಬರುವ ಜಾಗದಲ್ಲಿ. ಆಟ ಸೋತಾಗ ನಿಮ್ಮನ್ನು ಏನು ಕೇಳುತ್ತದೆ? ‘ಇನ್ನೊಮ್ಮೆ ಆಡು’ ಎಂದರೆ ಆಟ. ‘ಇನ್ನೊಮ್ಮೆ ಹಾಕು’ ಎಂದರೆ ಜೂಜು, ಅದಕ್ಕೆ ರಮ್ಮಿ ಅನ್ನಲಿ, ಫ್ಯಾಂಟಸಿ ಕ್ರಿಕೆಟ್ ಅನ್ನಲಿ, ಬಣ್ಣ ಊಹಿಸುವುದು ಅನ್ನಲಿ. ಕೋರ್ಟುಗಳಲ್ಲಿ ಇದು ಕೌಶಲವೋ ಅದೃಷ್ಟವೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಇಂಥ ಆಟಗಳನ್ನು ನಿಷೇಧಿಸಿದ ತಮಿಳುನಾಡಿನ ಮೊದಲ ಕಾನೂನನ್ನು 2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟ್ ಹೊಡೆದುಹಾಕಿತು. ಕರ್ನಾಟಕದ್ದನ್ನು 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟ್ ಹೊಡೆದುಹಾಕಿತು. ಸಾಲ ಮಾಡಿ ಆಡಿ ಸೋತವರ ಆತ್ಮಹತ್ಯೆಗಳು ಹೆಚ್ಚಿದಾಗ ತಮಿಳುನಾಡು ನಿವೃತ್ತ ನ್ಯಾಯಮೂರ್ತಿ ಚಂದ್ರು ಅವರ ಸಮಿತಿ ಕೂರಿಸಿ ಮತ್ತೊಂದು ಕಾನೂನು ತಂದಿತು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, 2023ರ ಏಪ್ರಿಲಿನಲ್ಲಿ ಅಂಕಿತ ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಹೈಕೋರ್ಟು ಆ ಕಾನೂನನ್ನು ಎತ್ತಿಹಿಡಿದರೂ ರಮ್ಮಿ, ಪೋಕರ್ ಕೌಶಲದ ಆಟ ಎಂದು ಹೊರಗಿಟ್ಟಿತು. 2025ರ ಹೊಸ ನಿಯಮದಲ್ಲಿ ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ದುಡ್ಡಿನ ಆಟಕ್ಕೆ ಬೀಗ ಹಾಕಿದರು. ಆ ಐದು ಗಂಟೆ ಯಾಕೆ ಎಂದು ಯೋಚಿಸಿದ್ದೀರಾ? ಮನೆಯವರೆಲ್ಲ ಮಲಗಿರುವ ಹೊತ್ತು. ಸೋತವನ ಕೈ ಹಿಡಿಯುವವರು ಎಚ್ಚರವಿಲ್ಲದ ಹೊತ್ತು.

ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕೌಶಲ-ಅದೃಷ್ಟದ ತಕರಾರನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನು ಪೂರ್ತಿ ನಿಷೇಧಿಸಿತು. ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ; ಆಡಿದವನಿಗೆ ಶಿಕ್ಷೆಯಿಲ್ಲ, ಅವನನ್ನು ಸಂತ್ರಸ್ತ ಎಂದೇ ನೋಡಿದ್ದಾರೆ. ವರ್ಷಕ್ಕೆ 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರ ಹೇಳಿದ ಅಂದಾಜು. ಕಂಪನಿಗಳು ಕರ್ನಾಟಕ ಹೈಕೋರ್ಟೂ ಸೇರಿ ಹಲವು ಕಡೆ ಪ್ರಶ್ನಿಸಿದವು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ಬಂದದ್ದು ನನಗೆ ಸಂತೋಷವೇ. ಆದರೆ ಸಾರಾಯಿ ನಿಷೇಧ ಕಂಡ ತಲೆಮಾರಿನವನು ನಾನು. ಬಾಗಿಲು ಮುಚ್ಚಿದರೆ ಕಿಟಕಿ ತೆರೆಯುವವರಿದ್ದಾರೆ. ವಿದೇಶದಲ್ಲಿ ಕೂತು ಆಡಿಸುವವನ ಲಿಂಕು ನಿಮ್ಮ ಟೆಲಿಗ್ರಾಮಿಗೆ ಬರುತ್ತಲೇ ಇರುತ್ತದೆ.

ಅದಕ್ಕೇ ಇದರ ಯಂತ್ರ ಹೇಗೆ ಓಡುತ್ತದೆ ಎಂದು ತಿಳಿದುಕೊಂಡಿರಿ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದ್ದ. ಕುಕ್ಕಿದಾಗಲೆಲ್ಲ ಕಾಳು ಬಂದ ಹಕ್ಕಿ, ಕಾಳು ನಿಂತ ಮೇಲೆ ಬೇಗನೆ ಕುಕ್ಕುವುದನ್ನು ಬಿಟ್ಟಿತು. ಯಾವ ಕುಕ್ಕಿಗೆ ಕಾಳು ಬರುತ್ತದೋ ಗೊತ್ತಿಲ್ಲದ ಹಾಗೆ ಮಾಡಿದಾಗ ಬಿಡದೆ ಕುಕ್ಕತೊಡಗಿತು, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕಿತು. ಆ್ಯಪು ಬರೆಯುವವರು ಈ ಪಾಠವನ್ನು ಚೆನ್ನಾಗಿ ಓದಿಕೊಂಡವರು. ಮೊದಲು ನೂರು ರೂಪಾಯಿ ಗೆಲ್ಲಿಸುತ್ತದೆ, ಆಮೇಲೆ ‘ಒಂದೇ ಎಲೆಯಲ್ಲಿ ತಪ್ಪಿತು’ ಎನ್ನುತ್ತದೆ. ಯಾವ ಹೊತ್ತಿನಲ್ಲಿ ನೀವು ಸೋಲಿನ ಬಿಸಿಯಲ್ಲಿದ್ದೀರಿ, ಸಂಬಳ ಯಾವ ತಾರೀಖಿಗೆ ಬರುತ್ತದೆ, ಎಷ್ಟು ಸೋತ ಮೇಲೆ ಎದ್ದು ಹೋಗುತ್ತೀರಿ, ಅದಕ್ಕೆ ಎಲ್ಲ ಗೊತ್ತು. ಜಾತ್ರೆಯಲ್ಲಿ ಮೂರೆಲೆ ಆಡಿಸುವವನಿಗೆ ನಿಮ್ಮ ಜೇಬು ಕಾಣುತ್ತಿರಲಿಲ್ಲ, ಮುಖ ನೋಡಿ ಅಂದಾಜು ಮಾಡಬೇಕಿತ್ತು. ಇವನಿಗೆ ಜೇಬೂ ಕಾಣುತ್ತದೆ. ನಿಮ್ಮ ಗರಜನ್ನು ಅಷ್ಟು ಕರಾರುವಾಕ್ಕಾಗಿ ಬಲ್ಲವನ ಎದುರು ಕೂತು ಗೆಲ್ಲುತ್ತೇನೆ ಎನ್ನುವುದು ಧೈರ್ಯವಲ್ಲ ಮಕ್ಕಳೇ.

ಕೊಳ್ಳುವ ಹುಚ್ಚಿನ ಬಗ್ಗೆ ಬೆಳೆಯುವವರ ಊರಿನಲ್ಲಿ ನಿಂತು ಮಾತಾಡಿದರೆ ಬೇರೆಯೇ ನೋಟ ಸಿಗುತ್ತದೆ. ಪೇಟೆಯ ರುಚಿ ಬದಲಾದಾಗಲೆಲ್ಲ ಈ ಬೆಟ್ಟದ ಮಣ್ಣಿನಲ್ಲಿ ಬೀಜ ಬದಲಾಗುತ್ತದೆ. ಯಾರೋ ಸಲಾಡು ತಿನ್ನಲು ಕಲಿತರು, ನಾವು ಬ್ರೊಕೊಲಿ, ಲೆಟ್ಯೂಸು, ಜುಕಿನಿ ಬೆಳೆಯಲು ಕಲಿತೆವು. ದುಡ್ಡೂ ಬಂತು. 2020ರ ಲಾಕ್‌ಡೌನಿನಲ್ಲಿ ದೊಡ್ಡ ಹೋಟೆಲುಗಳ ಬಾಗಿಲು ಮುಚ್ಚಿದಾಗ ಅವನ್ನು ಕೇಳುವವರಿಲ್ಲ. ಹುರುಳಿಕಾಯಿಯಾದರೆ ಪಲ್ಯ ಮಾಡಿ ತಿನ್ನಬಹುದು, ಅಷ್ಟೊಂದು ಲೆಟ್ಯೂಸನ್ನು ಮನೆಯವರೆಲ್ಲ ಎಷ್ಟು ದಿನ ಅಗಿಯುವುದು? ಟ್ರೆಂಡು ಎಂಬುದು ಎಲ್ಲೋ ಹುಟ್ಟುತ್ತದೆ, ಅದು ಸತ್ತಾಗ ಹೆಣ ಹೊರುವವರು ಇನ್ನೆಲ್ಲೋ ಇರುತ್ತಾರೆ.

ಮಸಿನಗುಡಿಯವರನ್ನು ಕೇಳಿ. ಮಸಿನಗುಡಿ ಮಾರ್ಗವಾಗಿ ಊಟಿಗೆ ಒಂದು ಯಾತ್ರೆ ಎಂಬ ಮಲಯಾಳದ ಮಾತೊಂದು ವಿಡಿಯೊಗಳಲ್ಲಿ ಹರಿದಾಡಿತು. ಕಾಡಿನ ನಡುವಿನ ಆ ದಾರಿಗೆ ಬಂದ ಕಾರುಗಳಿಗೆ ಲೆಕ್ಕವಿಲ್ಲ. ಕಲ್ಲಟ್ಟಿ ಘಾಟಿಯ ತಿರುವುಗಳಲ್ಲಿ ಇಳಿದು ರೀಲ್ಸು, ಆನೆ ಕಂಡರೆ ಸೆಲ್ಫಿ. ಇಡೀ ಜಿಲ್ಲೆಯ ದಟ್ಟಣೆ ಕೈಮೀರಿದಾಗ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಬರುವವರಿಗೆ ಇ-ಪಾಸು ಬಂತು. ಮರುವರ್ಷದ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಎಂಬ ಮಿತಿ. ಸದ್ಯ ನಮ್ಮ ಜಿಲ್ಲೆಯ ಟಿಎನ್ 43 ನಂಬರಿನವರಿಗೆ ಆ ಪಾಸು ಬೇಕಿಲ್ಲ. ನಮ್ಮ ಹುಡುಗರೂ ಕಡಿಮೆಯಿಲ್ಲ. ಟೀ ತೋಟದಲ್ಲಿ ಕಾಟಿ ನಿಂತರೆ ಓಡುವ ಮೊದಲು ವಿಡಿಯೊ, ಜೊತೆಗೆ ಜಾಗದ ಹೆಸರು. ಪ್ರಾಣಿಯ ಗುಟ್ಟೂ ಗುಟ್ಟೇ. ಆದರೆ ಅದೇ ಮಸಿನಗುಡಿಯಲ್ಲಿ 2021ರ ಜನವರಿಯಲ್ಲಿ ರೆಸಾರ್ಟಿನ ಬಳಿ ಬಂದ ಆನೆಯ ಮೇಲೆ ಬೆಂಕಿ ಎಸೆದ ಕ್ರೌರ್ಯ ಹೊರಬಂದದ್ದೂ ಒಂದು ಫೋನಿನ ವಿಡಿಯೊದಿಂದ. ಆನೆ ಉಳಿಯಲಿಲ್ಲ. ಬಂಧನಗಳಾದವು, ಪರವಾನಗಿಯಿಲ್ಲದ ವಸತಿಗೃಹಗಳಿಗೆ ಬೀಗ ಬಿತ್ತು. ಕ್ಯಾಮೆರಾ ಯಾವ ಕಡೆ ತಿರುಗಬೇಕು ಎಂಬ ವಿವೇಚನೆ ನಿಮ್ಮದು.

ಇನ್ನು ನಿಮ್ಮ ಶಾಪಿಂಗು. ‘ಎರಡೇ ಉಳಿದಿವೆ’, ‘ಹದಿನಾಲ್ಕು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂದು ಗಡಿಯಾರ ಓಡಿಸುವ ಪರದೆಯ ಮುಂದೆ ನೀವು ಉಸಿರು ಹಿಡಿದು ಕೂರುವುದನ್ನು ನೋಡಿದ್ದೇನೆ. ಅದು ಮೋಸ ಎಂದು ನಾನು ಹೇಳುವುದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ‘ಬೇಡ’ ಎಂದವರನ್ನು ನಾಚಿಸುವುದು, ಚಂದಾ ಬಿಡಲು ದಾರಿ ಸಿಗದಂತೆ ಮಾಡುವುದು, ಹೀಗೆ. ಕಂಡರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ಬಡ್ಡಿಯಿಲ್ಲದ ಕಂತು ಎಂಬ ಇನ್ನೊಂದು ಜೇನು ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಎಲ್ಲೋ ಶುಲ್ಕದಲ್ಲೋ ಬಿಟ್ಟುಹೋದ ರಿಯಾಯಿತಿಯಲ್ಲೋ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ಹುಡುಗರ ಜೇಬಿನಲ್ಲಿ ಸೇಬಿನ ಗುರುತಿನ ಫೋನು, ಮನೆಯಲ್ಲಿ ಸೋರುವ ಮಾಡು. ನಾನು ಹೆಸರು ಹೇಳುವುದಿಲ್ಲ.

ಬುಟ್ಟಿಗೆ ಹಾಕಿದ್ದನ್ನು ಒಂದು ರಾತ್ರಿ ಹಾಗೇ ಬಿಡಿ. ಬಿಟ್ಟು ಹೋದವರನ್ನು ಕರೆಯಲು ಬೆಳಿಗ್ಗೆಯೊಳಗೆ ಬೆಲೆ ಇಳಿಸಿ ಕೇಳುವ ಅಂಗಡಿಗಳು ಉಂಟು. ಮಂಡಿಯಲ್ಲಿ ನಾವು ಚೀಲ ಎತ್ತಿಕೊಂಡು ನಾಲ್ಕು ಹೆಜ್ಜೆ ಹೊರಟಾಗ ಹಿಂದಿನಿಂದ ಬರುತ್ತಿದ್ದ ಕೂಗೂ ಅದೇ.

ಹೆದರಿಸುವವರ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಪೊಲೀಸ್ ವೇಷ ಹಾಕಿ ವಿಡಿಯೊ ಕರೆ ಮಾಡಿ ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎನ್ನುವವರ ಆಟವನ್ನು 2024ರ ಅಕ್ಟೋಬರಿನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಕೇಳಿಸಿದರು. ಕರೆ ಬಂದದ್ದು ಕರ್ನಾಟಕದ ವಿಜಯಪುರದ ಒಬ್ಬರಿಗೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಫೋನು ಇಡಿ, 1930ಕ್ಕೆ ಕರೆ ಮಾಡಿ. ದುಡ್ಡು ಹೋಗಿದ್ದರೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು, ಬೇರೆ ಖಾತೆಗೆ ಹಾರುವ ಮುಂಚೆ ತಡೆಹಿಡಿಯಬಹುದು.

ಈಗ ನನ್ನದೊಂದು ಬೇಡಿಕೆ. ಹೆತ್ತೆ ಹಬ್ಬಕ್ಕೆ ಊರಿಗೆ ಬರುತ್ತೀರಲ್ಲ, ಬಿಳಿ ಬಟ್ಟೆ ಉಟ್ಟು ಫೋಟೊ ತೆಗೆದು ಸ್ಟೇಟಸ್ ಹಾಕಿದ ಮೇಲೆ ಅರ್ಧ ದಿನ ಮನೆಯ ಹಿರಿಯರ ಫೋನು ಹಿಡಿದು ಕೂರಿ. ಮಂಡಿಯ ಚೌಕಾಸಿ ಅವರಿಗೆ ಗೊತ್ತು, ಫೋನಿನ ಚೌಕಾಸಿ ನಿಮಗೆ ಗೊತ್ತು. ಸಂಚಾರ್ ಸಾಥಿ ತಾಣದಲ್ಲಿ ಅವರ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ನೋಡಿ. ತಮ್ಮದಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸಿ. ಬೆರಳು ಒತ್ತಿ ಹಣ ತೆಗೆಯುವ ವ್ಯವಸ್ಥೆಯಲ್ಲಿ ಪಿನ್ ಕೇಳುವುದಿಲ್ಲ, ಬೆರಳಚ್ಚು ಕದ್ದವನಿಗೆ ಅಷ್ಟೇ ಸಾಕು. ಪಿಂಚಣಿ ತರುವ ದಿನ ಆ ಬೀಗವನ್ನು ತೆಗೆದು ಮತ್ತೆ ಹಾಕುವುದನ್ನು ಅವರ ಕೈಯಲ್ಲೇ ಮಾಡಿಸಿ ಕಲಿಸಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಬೇಕು ಎಂಬುದನ್ನು ನಾಲ್ಕು ಸಲ ಹೇಳಿ, ಅವರು ರೇಗಿದರೆ ಐದನೆಯ ಸಲವೂ ಹೇಳಿ.

ಆಮೇಲೆ ಅಜ್ಜಿಗೆ ಯುಪಿಐ ಹಾಕಿಕೊಡುವಾಗ ಪಿನ್ ಒತ್ತುವ ಹೊತ್ತಿಗೆ ಫೋನನ್ನು ಅವಳ ಕೈಗೆ ಕೊಟ್ಟು ನೀವು ಮುಖ ಆಚೆ ತಿರುಗಿಸಿಕೊಳ್ಳಿ. ‘ನೀನೇ ಒತ್ತಪ್ಪ, ನೀನೇನು ಹೊರಗಿನವನೇ’ ಎನ್ನುತ್ತಾಳೆ. ಒತ್ತಬೇಡಿ. ಇವತ್ತು ಮೊಮ್ಮಗನಿಗೆ ಹೇಳಿ ಅಭ್ಯಾಸವಾದವಳು ನಾಳೆ ಬ್ಯಾಂಕಿನ ಹೆಸರು ಹೇಳಿಕೊಂಡು ಫೋನು ಮಾಡುವ, ಮೊಮ್ಮಗನಷ್ಟೇ ಸಿಹಿಯಾಗಿ ಮಾತಾಡುವ ಇನ್ನೊಬ್ಬನಿಗೂ ಹೇಳುತ್ತಾಳೆ.